ಎಷ್ಟು ಕಾಲ ಬೇಕು?

ಬ್ಲೂಸ್ ಗಿಟಾರು ಕಲಿಯಲು ಎಷ್ಟು ಕಾಲ ಬೇಕೆಂದು ನನ್ನನ್ನು ಕೇಳುವವರೆಲ್ಲ ನಲವತ್ತು ದಾಟಿದವರೇ. ಮಕ್ಕಳು ಕೇಳುವುದಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹುಡುಗರಿಗೆ ನಾಲ್ಕು ಕಾರ್ಡ್ ತೋರಿಸಿಕೊಟ್ಟರೆ ಮನಸ್ಸಿಗೆ ಬಂದಷ್ಟು ಹೊತ್ತು ಬಾರಿಸುತ್ತಾರೆ, ಆಮೇಲೆ ಕ್ರಿಕೆಟ್ಟಿಗೆ ಓಡುತ್ತಾರೆ. ದೊಡ್ಡವರಿಗೆ ಮೊದಲು ಲೆಕ್ಕ ಬೇಕು. ನಿವೃತ್ತರಾದ ಗೂಡ್ಸ್ ಗಾರ್ಡ್ ಒಬ್ಬರು ಹೊಸ ಗಿಟಾರನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ, "ಮಾಸ್ತರ್ರ, ಖರೇ ಹೇಳ್ರಿ. ಎಷ್ಟ ವರ್ಷ ಹಿಡೀತದ? ನಾ ಇರೂದ್ರಾಗ ಬರ್ತದೋ ಇಲ್ಲೋ?" ಅಂದರು. ಅವರ ಆ ಕೊನೆಯ ಮಾತು ನನ್ನನ್ನು ಬಿಟ್ಟಿಲ್ಲ. ಉಳಿದ ಆಯುಷ್ಯವನ್ನು ಯಾವುದಕ್ಕೆ ಕೊಡಬೇಕು, ಕೊಟ್ಟ ಕೆಲಸ ಅರ್ಧಕ್ಕೇ ನಿಂತರೆ ಕೊಟ್ಟದ್ದೆಲ್ಲ ವ್ಯರ್ಥವೇ? ಇದು ಧರ್ಮದ ಪ್ರಶ್ನೆ.

ಮೊದಲು ಲೆಕ್ಕದ ಉತ್ತರವನ್ನು ಹೇಳಿಬಿಡುತ್ತೇನೆ. ನಾನು ಹುಬ್ಬಳ್ಳಿ ವಿಭಾಗದಲ್ಲಿ ಸ್ಟೇಷನ್ ಮಾಸ್ಟರ್. ಲೋಂಡಾ, ಕ್ಯಾಸಲ್‌ರಾಕ್ ಕಡೆಯ ರೈಲ್ವೆ ಕ್ವಾರ್ಟರ್ಸುಗಳಲ್ಲಿ, ನೈಟ್ ಡ್ಯೂಟಿ ಮುಗಿಸಿ ಬಂದ ಹಗಲುಗಳಲ್ಲಿ, ಕೊಲ್ಕತ್ತಾದಲ್ಲಿ ತಯಾರಾದ ಅಗ್ಗದ ಗಿಟಾರೊಂದರ ಮೇಲೆ ಗುರುವಿಲ್ಲದೆ ಕಲಿತವನು. ಶುರು ಮಾಡಿದಾಗ ನಾನೂ ನಲವತ್ತು ದಾಟಿದ್ದೆ. ನಾನು ಕಲಿತದ್ದನ್ನೂ ನನ್ನಂತೆಯೇ ಕಲಿತ ಇತರರನ್ನೂ ನೋಡಿ ಹೇಳುವುದಾದರೆ, ದಿನವೂ ಅರ್ಧ ಗಂಟೆ ತಪ್ಪದೆ ಕೂರುವವರಿಗೆ ಬೆರಳ ತುದಿ ಗಟ್ಟಿಯಾಗಿ ಉರಿ ನಿಲ್ಲಲು ಒಂದೆರಡು ತಿಂಗಳು ಬೇಕು. ಇ, ಎ, ಬಿ ಸೆವೆನ್ ಕಾರ್ಡುಗಳ ನಡುವೆ ಕೈ ತಡವರಿಸದೆ ಓಡಾಡಲು ಮೂರು ನಾಲ್ಕು ತಿಂಗಳು. ಹನ್ನೆರಡು ಬಾರ್‌ಗಳ ಸುತ್ತನ್ನು ಲಯ ಕೆಡದೆ ಹತ್ತು ನಿಮಿಷ ನಡೆಸಲು ಹೆಚ್ಚುಕಡಿಮೆ ಅರ್ಧ ವರ್ಷ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಎಡೆಬಿಡದೆ ತಾಳ ಹಿಡಿದಿರುವಾಗಲೇ ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ಬೇರೆಯೇ ಹಾಡು ಹಾಡಬೇಕು. ಅದಕ್ಕೆ ವರ್ಷ, ಒಂದೂವರೆ ವರ್ಷ. ತಂತಿಯನ್ನು ಎಳೆದು ಬೇಕಾದ ಸ್ವರದ ಮೇಲೆಯೇ ನಿಲ್ಲಿಸಲು ಎರಡು ಮೂರು ವರ್ಷ. ಪಕ್ಕದ ಕೋಣೆಯಲ್ಲಿರುವವರು ಕೈಯಲ್ಲಿನ ಕೆಲಸ ಬಿಟ್ಟು ಕಿವಿಗೊಡುವಂಥ ನಾಲ್ಕು ಸ್ವರ ನುಡಿಸಲು ಐದು ವರ್ಷವಾದರೂ ಹಿಡಿಯುತ್ತದೆ. ಗುರು ಸಿಕ್ಕರೆ ಇದು ಬಹಳಷ್ಟು ಕಡಿಮೆಯಾದೀತು. ಒಬ್ಬನೇ ಕೂತು ಕಲಿಯುವವನಿಗೆ ತಿದ್ದುವವರಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮರುದಿನ ಬೇರೆ ಯಾರದೋ ನುಡಿಸಾಣಿಕೆಯೆಂಬಂತೆ ಕೇಳಿ, ತಾನೇ ತಿದ್ದಿಕೊಳ್ಳಬೇಕು.

ಹತ್ತು ಸಾವಿರ ಗಂಟೆಯ ಮಾತನ್ನು ಎಲ್ಲರೂ ಕೇಳಿದ್ದಾರೆ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಸರಾಸರಿ ಅದು. ಎಳವೆಯಲ್ಲೇ ಪಿಟೀಲು ಹಿಡಿದು ಇಪ್ಪತ್ತರ ಹೊತ್ತಿಗೆ ಅತ್ಯುತ್ತಮ ಎನಿಸಿಕೊಂಡವರ ಲೆಕ್ಕ. 2008ರಲ್ಲಿ ಮಾಲ್ಕಮ್ ಗ್ಲ್ಯಾಡ್‌ವೆಲ್ ಬರೆದ ಪುಸ್ತಕದಿಂದ ಅದು ನಿಯಮದಂತೆ ಹಬ್ಬಿತು. ಮನೆ, ನೌಕರಿ, ಮುಪ್ಪಿನ ತಾಯಿ ಎಲ್ಲವನ್ನೂ ನೋಡಿಕೊಂಡು ದಿನಕ್ಕೆ ಅರ್ಧ ಗಂಟೆ ಹೊಂಚಿಕೊಳ್ಳುವವನಿಗೆ ಅಷ್ಟು ಗಂಟೆ ತುಂಬಲು ಸುಮಾರು 55 ವರ್ಷ ಬೇಕು. ಅದನ್ನು ಕೇಳಿ ಗಿಟಾರನ್ನು ಅಟ್ಟಕ್ಕೇರಿಸಿದವರನ್ನು ನಾನು ಬಲ್ಲೆ. ನನಗೆ ಅದು ದುಃಖದ ಸಂಗತಿ. ಇಪ್ಪತ್ತರ ಹರೆಯದವರ ಅಳತೆಗೋಲಿನಿಂದ ಅಳೆದುಕೊಂಡು, ತಮಗೆ ದಕ್ಕಬಹುದಾಗಿದ್ದ ಒಂದು ದೊಡ್ಡ ಸಂತೋಷವನ್ನು ಅವರು ಬಿಟ್ಟುಕೊಟ್ಟರು.

ನನ್ನ ಅಪ್ಪ ಸಭಾಪಾಲಕರಾಗಿದ್ದರು. ಮನೆಯಲ್ಲಿ ಹಾರ್ಮೋನಿಯಂ ಇತ್ತು, ಜರ್ಮನ್ ಧಾಟಿಯ ಕನ್ನಡ ಸಂಗೀತಗಳಿದ್ದವು, ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಸರದಿಯಂತೆ ಕೀರ್ತನೆಗಳನ್ನು ಓದುವ ಪದ್ಧತಿಯಿತ್ತು. 13ನೇ ಕೀರ್ತನೆ ಬಂದಾಗ ಅಪ್ಪನ ಧ್ವನಿ ಬದಲಾಗುತ್ತಿತ್ತು. ಅದರ ಮೊದಲೆರಡು ವಚನಗಳಲ್ಲೇ ದಾವೀದನು ಎಲ್ಲಿಯ ತನಕ ಎಂದು ನಾಲ್ಕು ಸಲ ದೇವರನ್ನು ಕೇಳುತ್ತಾನೆ. ದೇವರು ಇಂತಿಷ್ಟು ದಿನವೆಂದು ಹೇಳುವುದಿಲ್ಲ. ಆದರೂ ಆರು ವಚನಗಳ ಆ ಕೀರ್ತನೆ ಹಾಡುವ ಮಾತಿನೊಂದಿಗೆ ಮುಗಿಯುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಹಾಡು ಹುಟ್ಟುವುದು ಹೇಗೆಂದು ಹುಡುಗನಾಗಿದ್ದಾಗ ನನಗೆ ತಿಳಿಯುತ್ತಿರಲಿಲ್ಲ. ಬ್ಲೂಸಿನ ಹನ್ನೆರಡು ಬಾರ್‌ಗಳು ಕೈಗೆ ಹತ್ತಿದ ಮೇಲೆ ಸ್ವಲ್ಪ ತಿಳಿಯಿತು. ಅಲ್ಲಿ ಹಾಡುಗಾರ ಒಂದು ಸಾಲನ್ನು ಹೇಳುತ್ತಾನೆ; ಗಿಟಾರು ಉತ್ತರ ಕೊಡುತ್ತದೆ. ಅದೇ ಸಾಲನ್ನು ಮತ್ತೆ ಹೇಳುತ್ತಾನೆ, ಆದರೆ ಕೆಳಗೆ ಕಾರ್ಡ್ ಬದಲಾಗಿರುತ್ತದೆ, ಹಾಗಾಗಿ ಅದೇ ಮಾತಿನ ಬಣ್ಣವೂ ಬದಲಾಗಿರುತ್ತದೆ. ಮೂರನೇ ಸಾಲು ಬರುವ ಹೊತ್ತಿಗೆ ಅಳಲು ಅಲ್ಲೇ ಇರುತ್ತದೆ, ಅದನ್ನು ಹೊತ್ತವನು ಮಾತ್ರ ಇದ್ದಲ್ಲಿಂದ ಸ್ವಲ್ಪ ಸರಿದಿರುತ್ತಾನೆ. ಅಮೆರಿಕದ ಕಪ್ಪುಜನರ ದೇವತಾಶಾಸ್ತ್ರಜ್ಞ ಜೇಮ್ಸ್ ಕೋನ್ 1972ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದರು. ಚರ್ಚಿನ ಸ್ಪಿರಿಚುಯಲ್ಸ್ ಮತ್ತು ಚರ್ಚಿನ ಹೊರಗಿನ ಬ್ಲೂಸ್ ಒಂದೇ ನೋವಿನಿಂದ, ಒಂದೇ ಜನರಿಂದ ಬಂದವು ಎಂಬುದು ಅವರ ವಾದ. ಗುಲಾಮಗಿರಿ ಕಾಗದದ ಮೇಲೆ ಮುಗಿದರೂ ಹತ್ತಿಯ ಹೊಲದಲ್ಲಿ ಮುಗಿಯದಿದ್ದ ಜನ ಎಲ್ಲಿಯ ತನಕ ಎಂದು ಎರಡೂ ಕಡೆ ಕೇಳುತ್ತಿದ್ದರು.

ಆದರೆ ಅವರ ಚರ್ಚು ಬ್ಲೂಸನ್ನು ಸೈತಾನನ ಸಂಗೀತವೆಂದು ಕರೆಯಿತು. ನಮ್ಮಲ್ಲೂ ಒಬ್ಬ ಹಿರಿಯರು ನನಗೆ ಹೇಳಿದರು: "ದೇವರು ಕೊಟ್ಟ ಹೊತ್ತನ್ನ ಅಂಥಾದ್ದಕ್ಕ ಹಾಕಬ್ಯಾಡಪಾ." ಪ್ರೀತಿಯಿಂದಲೇ ಹೇಳಿದ ಮಾತು, ಆದ್ದರಿಂದ ಅದಕ್ಕೆ ಪೂರ್ತಿ ಉತ್ತರ ಕೊಡಬೇಕಾದದ್ದು ನನ್ನ ಹೊಣೆ.

ಸೈತಾನನ ಕತೆಯಿಂದಲೇ ಶುರು ಮಾಡುತ್ತೇನೆ. ರಾಬರ್ಟ್ ಜಾನ್ಸನ್ ಮಿಸಿಸಿಪ್ಪಿಯವನು. 1911ರಲ್ಲಿ ಹುಟ್ಟಿ 1938ರಲ್ಲಿ, 27ರ ವಯಸ್ಸಿನಲ್ಲಿ ತೀರಿಕೊಂಡ. 1936 ಮತ್ತು 1937ರಲ್ಲಿ ಟೆಕ್ಸಸಿನ ಸ್ಯಾನ್ ಆಂಟೋನಿಯೊ, ಡಲ್ಲಾಸ್ ಊರುಗಳಲ್ಲಿ ಧ್ವನಿಮುದ್ರಿಸಿದ 29 ಹಾಡುಗಳೇ ಅವನು ಬಿಟ್ಟುಹೋದ ಆಸ್ತಿ. ಹಿರಿಯ ಗಾಯಕ ಸನ್ ಹೌಸ್ ನೆನೆಸಿಕೊಂಡಂತೆ, ಹುಡುಗ ರಾಬರ್ಟ್‌ಗೆ ಗಿಟಾರು ಬರುತ್ತಿರಲಿಲ್ಲ. ಬಿಡುವಿನಲ್ಲಿ ಹಿರಿಯರ ಗಿಟಾರು ಎತ್ತಿಕೊಂಡರೆ ಜನ ಬೇಸತ್ತು ಬೈಯುತ್ತಿದ್ದರು. ಅವನು ಕೆಲಕಾಲ ಊರುಬಿಟ್ಟ. ಮರಳಿ ಬಂದು ನುಡಿಸಿದಾಗ ಎಲ್ಲರೂ ಬೆರಗಾದರು. ನಾಲ್ಕು ದಾರಿ ಕೂಡುವಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದನೆಂಬ ಕತೆ ಅವನ ಹೆಸರಿಗೆ ಅಂಟಿಕೊಂಡಿತು. ಇದೇ ಕತೆಯನ್ನು ಅವನಿಗಿಂತ ಹಿರಿಯನಾದ ಟಾಮಿ ಜಾನ್ಸನ್ ಎಂಬ ಇನ್ನೊಬ್ಬ ಗಾಯಕನ ಬಗ್ಗೆ ಆ ಟಾಮಿಯ ಅಣ್ಣ ಹೇಳಿದ್ದ. ರಾಬರ್ಟ್ ಹೋಗಿದ್ದು ತಾನು ಹುಟ್ಟಿದ ಸೀಮೆಗೆ. ಅಲ್ಲಿ ಐಕ್ ಜಿಮ್ಮರ್ಮನ್ ಎಂಬ ಗಿಟಾರುವಾದಕನ ಬಳಿ ಇದ್ದು ಕಲಿತ. ರಾತ್ರಿ ಯಾರಿಗೂ ತೊಂದರೆಯಾಗದಂತೆ ಸ್ಮಶಾನದ ಸಮಾಧಿಗಳ ಮೇಲೆ ಕೂತು ಇಬ್ಬರೂ ಅಭ್ಯಾಸ ಮಾಡುತ್ತಿದ್ದರೆಂದು ಜಿಮ್ಮರ್ಮನ್ನನ ಮನೆಯವರು ಹೇಳಿದ್ದಾರೆ.

ಆ ಕತೆಯಲ್ಲಿ ಸೈತಾನನು ಕೊಡುವುದು ಏನನ್ನು? ಸಂಗೀತವನ್ನಲ್ಲ, ಅದು ಊರಲ್ಲೆಲ್ಲ ಇತ್ತು. ಅವನು ಕೊಡುವುದು ಕಾಲದಿಂದ ವಿನಾಯಿತಿ. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಅಡವಿಯ ಶೋಧನೆಯನ್ನು ಓದಿ ನೋಡಿ. ಕಲ್ಲು ಈಗಲೇ ರೊಟ್ಟಿಯಾಗಲಿ, ರಾಜ್ಯಗಳೆಲ್ಲ ಈಗಲೇ ನಿನ್ನವಾಗಲಿ ಎಂಬುದೇ ಅಲ್ಲಿಯ ಆಮಿಷ. ಗೋಧಿ ಬೆಳೆಯುವ ಕಾಲ, ಹಿಟ್ಟು ಹುದುಗುವ ಕಾಲ, ಜನರ ಮನಸ್ಸು ತಿರುಗುವ ಕಾಲ ಯಾವುದೂ ಬೇಡ ಎನ್ನುತ್ತಾನೆ ಶೋಧಕ. ಯೇಸು ಒಪ್ಪುವುದಿಲ್ಲ. ಆಗಲೇ ಆತನಿಗೆ ಹೆಚ್ಚುಕಡಿಮೆ ಮೂವತ್ತು ವರ್ಷ. ಅಲ್ಲಿಯವರೆಗೆ ನಜರೇತಿನ ಬಡಗಿಯ ಮನೆಯಲ್ಲಿದ್ದವನು. ಜ್ಞಾನದಲ್ಲಿಯೂ ಬೆಳವಣಿಗೆಯಲ್ಲಿಯೂ ಆತನು ವೃದ್ಧಿಯಾದನೆಂದು ಲೂಕನು ಬರೆಯುತ್ತಾನೆ. ದೇವರು ಮನುಷ್ಯನಾಗಿ ಬಂದಾಗಲೂ ಕಲಿಯಲು ಹಿಡಿಯುವ ಹೊತ್ತನ್ನು ಬಿಟ್ಟುಕೊಡಲಿಲ್ಲ ಎಂಬುದು ನನಗೆ ಕ್ರೈಸ್ತ ನಂಬಿಕೆಯ ಅತ್ಯಂತ ಆಪ್ತವಾದ ಮಾತು. ಗಾರೆಯವನ, ನೇಕಾರನ, ಗಿಟಾರು ಕಲಿಯುವ ಮಧ್ಯವಯಸ್ಕನ ನಿಧಾನವೆಲ್ಲ ಆ ಮಾತಿನ ನೆರಳಿಗೆ ಬರುತ್ತದೆ.

ಇಲ್ಲಿ ನಮ್ಮವರೇ ಒಂದು ಆಕ್ಷೇಪ ಎತ್ತಬಹುದು. ಕೃಪೆಯೂ ಕಾಲವನ್ನು ಕೇಳುವುದಿಲ್ಲವಲ್ಲ? ಶಿಲುಬೆಯ ಮೇಲಿದ್ದ ಕಳ್ಳನಿಗೆ ಅದೇ ದಿನ ಪರದೈಸು ಸಿಕ್ಕಿತು; ಅವನು ಯಾವ ಅಭ್ಯಾಸವನ್ನೂ ಮಾಡಿರಲಿಲ್ಲ. ನಿಜ. ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಇದನ್ನು ಹಾಲಿನ ಜೊತೆ ಕುಡಿಸಿರುತ್ತಾರೆ. ಆದರೆ ಕೃಪೆ ಮನುಷ್ಯನನ್ನು ಕ್ಷಮಿಸುತ್ತದೆ, ಅವನ ಉಂಗುರ ಬೆರಳಿಗೆ ಶಕ್ತಿ ತುಂಬಿಕೊಡುವುದಿಲ್ಲ. ರಕ್ಷಣೆಗಾಗಿ ದುಡಿಯಬೇಕಿಲ್ಲ ಎಂಬ ನಂಬಿಕೆ ನನ್ನನ್ನು ಬೇರೊಂದು ಬಗೆಯಲ್ಲಿ ಬಿಡುಗಡೆ ಮಾಡಿದೆ: ಗಿಟಾರಿನ ಮುಂದೆ ಕೂತಾಗ ಯಾರಿಗೂ ಏನನ್ನೂ ಸಾಬೀತು ಮಾಡಬೇಕಿಲ್ಲ, ದೇವರಿಗಂತೂ ಬೇಡ. ಫಲ ಗಿಟ್ಟೀತೋ ಎಂಬ ದಿಗಿಲು ಕಳೆದುಕೊಂಡು ಕಲಿಯುವವನ ಕೈ ಹಗುರಾಗುತ್ತದೆ. ಭಗವದ್ಗೀತೆಯನ್ನು ಬಲ್ಲ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ಸನ್ ಹೌಸ್‌ನ ಬದುಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವನು 1902ರಲ್ಲಿ ಹುಟ್ಟಿದ, ಹರೆಯದಲ್ಲೇ ಬ್ಯಾಪ್ಟಿಸ್ಟ್ ಬೋಧಕನಾದ. ಗಿಟಾರು ಮುಟ್ಟುವುದೇ ಪಾಪವೆಂದು ನಂಬಿದ್ದವನು 25ರ ಆಸುಪಾಸಿನಲ್ಲಿ, ಯಾರೋ ಬಾಟಲಿಯ ಕಂಠವನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವುದನ್ನು ಕೇಳಿ ಮನಸೋತ. ನಡುವೆ ಒಂದು ಕೊಲೆಯ ಪ್ರಕರಣದಲ್ಲಿ ಪಾರ್ಚ್‌ಮನ್ ಸೆರೆಮನೆಯನ್ನೂ ಕಂಡು ಬಂದ. 1930ರಲ್ಲಿ ವಿಸ್ಕಾನ್ಸಿನ್ನಿನ ಗ್ರಾಫ್ಟನ್ನಿನಲ್ಲಿ ಪ್ಯಾರಮೌಂಟ್ ಕಂಪನಿಗೆ ಹಾಡಿದ. ಅಂದರೆ ಗಿಟಾರು ಹಿಡಿದ ಮೂರು ವರ್ಷಗಳಲ್ಲಿ ಅವನು ಮಾಡಿದ ಮುದ್ರಿಕೆಗಳನ್ನು ಜಗತ್ತು ಇಂದಿಗೂ ಕೇಳುತ್ತಿದೆ. ಆದರೆ ಆ ಮೂರರ ಹಿಂದೆ ಇಪ್ಪತ್ತು ವರ್ಷಗಳ ಚರ್ಚಿನ ಹಾಡಿತ್ತು. ಗಂಟಲು ಆಗಲೇ ಎಲ್ಲವನ್ನೂ ಬಲ್ಲದ್ದಾಗಿತ್ತು, ಕೈ ಬೇಗ ಬೇಗ ಅದನ್ನು ಹಿಂಬಾಲಿಸಿತು. ವಯಸ್ಸಾದ ಮೇಲೆ ಕಲಿಯಲು ಬರುವವರು ಇದನ್ನು ಗಮನಿಸಬೇಕು. ಯಾರೂ ಖಾಲಿ ಕೈಯಲ್ಲಿ ಬರುವುದಿಲ್ಲ. ಐವತ್ತು ವರ್ಷ ಕಿವಿ ಕೇಳಿಸಿಕೊಂಡದ್ದೆಲ್ಲ ಒಳಗೆ ಕೂತಿರುತ್ತದೆ.

ಆಮೇಲೆ ಹೌಸ್ ಉತ್ತರಕ್ಕೆ, ರಾಚೆಸ್ಟರ್ ಪಟ್ಟಣಕ್ಕೆ ಹೋಗಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಪೋರ್ಟರ್ ಆಗಿ ದುಡಿದ. ನನ್ನದೂ ರೈಲ್ವೆಯಾದ್ದರಿಂದ ಈ ವಿವರ ನನಗೆ ಇಷ್ಟ. ಗಿಟಾರು ಬಿಟ್ಟುಹೋಗಿತ್ತು. 1964ರಲ್ಲಿ ಮೂವರು ತರುಣರು ಹುಡುಕಿಕೊಂಡು ಬಂದಾಗ ತನ್ನ ಹಾಡುಗಳೇ ಅವನಿಗೆ ನೆನಪಿರಲಿಲ್ಲ. ಆಲನ್ ವಿಲ್ಸನ್ ಎಂಬ, ಇಪ್ಪತ್ತರ ಆಚೀಚಿನ ಬಿಳಿಯ ಹುಡುಗ, ಹಳೆಯ ಮುದ್ರಿಕೆಗಳನ್ನು ಕೇಳಿ ಕಲಿತಿದ್ದವನು, ಎದುರಿಗೆ ಕೂತು ಅವನ ಹಾಡುಗಳನ್ನು ಅವನಿಗೇ ನುಡಿಸಿ ತೋರಿಸಿದ. ಅರವತ್ತು ದಾಟಿದ ಗುರು ತನ್ನ ವಿದ್ಯೆಯನ್ನು ಶಿಷ್ಯನಿಂದ ಮರಳಿ ಕಲಿತ. 1965ರಲ್ಲಿ ಹೊಸ ಆಲ್ಬಂ ಬಂತು. ಕಲಿಕೆಗೆ ಇಂತಿಷ್ಟು ಕಾಲ, ಅಲ್ಲಿಗೆ ಅದು ಮುಗಿಯಿತು ಎನ್ನುವವರು ಆ ಕೋಣೆಯನ್ನು ಕಲ್ಪಿಸಿಕೊಳ್ಳಬೇಕು.

ಎಲಿಜಬೆತ್ ಕಾಟನ್ ವಿಚಾರದಲ್ಲಿ ಮಾತ್ರ ನನಗೆ ಸಿಟ್ಟಿದೆ. ಉತ್ತರ ಕೆರೊಲಿನಾದ ಈ ಹೆಣ್ಣುಮಗಳು ಎಡಚಿ. ಬಲಗೈಯವರ ಗಿಟಾರನ್ನು ತಲೆಕೆಳಗು ಹಿಡಿದು, ಬಾಸ್ ತಂತಿಗಳನ್ನು ಬೆರಳಿನಿಂದಲೂ ತೆಳು ತಂತಿಗಳನ್ನು ಹೆಬ್ಬೆರಳಿನಿಂದಲೂ ಮೀಟುವ ಬಗೆಯನ್ನು ತಾನೇ ಕಂಡುಕೊಂಡಳು. ಲೌಕಿಕ ಹಾಡು ನುಡಿಸಬಾರದೆಂದು ಚರ್ಚಿನ ಹಿರಿಯರು ಹೇಳಿದ್ದರಿಂದ ಗಿಟಾರು ಕೆಳಗಿಟ್ಟಳು. ದಶಕಗಳ ನಂತರ ಸಂಗೀತಗಾರರಾದ ಸೀಗರ್ ಕುಟುಂಬದ ಮನೆಗೆಲಸಕ್ಕಿದ್ದಾಗ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡಳು. 1958ರಲ್ಲಿ ಮೊದಲ ಆಲ್ಬಂ. ತೊಂಬತ್ತರ ಇಳಿವಯಸ್ಸಿನಲ್ಲಿ ಗ್ರ್ಯಾಮಿ. ನಡುವಿನ ಆ ವರ್ಷಗಳನ್ನು ಅವಳಿಂದ ಕಸಿದುಕೊಂಡದ್ದು ದೇವರಲ್ಲ. ಮತ್ತಾಯನ 25ನೇ ಅಧ್ಯಾಯದಲ್ಲಿ ತನಗೆ ಕೊಟ್ಟ ತಲಾಂತನ್ನು ಹೆದರಿ ಮಣ್ಣಿನಲ್ಲಿ ಹೂತಿಟ್ಟ ಆಳನ್ನು ಯಜಮಾನ ಗದರುತ್ತಾನೆ. ಹೂತಿಡು ಎಂದು ಅವಳಿಗೆ ಹೇಳಿದವರು ಆ ಸಾಮ್ಯವನ್ನು ಎಷ್ಟು ಸಲ ಪ್ರಸಂಗ ಮಾಡಿರಲಿಕ್ಕಿಲ್ಲ!

ಈಗ ಕೈಯ ಕೆಲಸವೊಂದನ್ನು ಹತ್ತಿರದಿಂದ ತೋರಿಸುತ್ತೇನೆ. ಎ ಶ್ರುತಿಯ ಬ್ಲೂಸ್. ಮೂರನೇ ತಂತಿ, ಐದನೇ ಫ್ರೆಟ್. ಎ ಷಡ್ಜವಾದರೆ ಅಲ್ಲಿರುವುದು ಕೋಮಲ ಗಾಂಧಾರ. ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಪಂಚಮ, ಕೋಮಲ ನಿಷಾದ. ಬ್ಲೂಸಿನ ಈ ಐದು ಸ್ವರಗಳೇ ನಮ್ಮ ಧಾನಿ ರಾಗದವೂ ಹೌದು. ಆದರೆ ಬ್ಲೂಸಿನವರು ಆ ಗಾಂಧಾರವನ್ನು ಇದ್ದಲ್ಲಿ ಇರಲು ಬಿಡುವುದಿಲ್ಲ. ತೋರುಬೆರಳಿನಿಂದ ಒತ್ತಿ ತಂತಿಯನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆಯಬೇಕು. ಹೆಚ್ಚು ಎಳೆದರೆ ಶುದ್ಧ ಗಾಂಧಾರವಾಗಿ ಹಾಡು ನಗುತ್ತದೆ, ಎಳೆಯದಿದ್ದರೆ ಬರೀ ಗೋಳು. ನಡುವಿನ ಆ ಜಾಗಕ್ಕೆ ಫ್ರೆಟ್ ಇಲ್ಲ, ಪುಸ್ತಕದಲ್ಲಿ ಅದನ್ನು ಬರೆಯಲು ಒಂದು ಸಣ್ಣ ಬಾಗಿದ ಗೆರೆ ಮಾತ್ರ. ಕಿವಿಯೇ ಹುಡುಕಬೇಕು. ಬೆರಳು ಬಲ ಹಾಕಿದರೆ ಸ್ವರ ಹಾರಿಹೋಗುತ್ತದೆ. ಮಣಿಕಟ್ಟು ಬಾಗಿಲ ಚಿಲಕದಂತೆ ತುಸುವೇ ತಿರುಗಿದಾಗ ತಂತಿ ತಾನಾಗಿ ಬರುತ್ತದೆ. ಧಾರವಾಡದ ಕಡೆ ಹುಟ್ಟಿ ಮೀಂಡ್ ಕೇಳಿ ಬೆಳೆದವರಿಗೆ ಆ ಜಾಗದ ಗುರುತು ಮೊದಲೇ ಇರುತ್ತದೆ. ಅಲ್ಲಿ ಸ್ವರ ನಿಂತ ಗಳಿಗೆಯಲ್ಲಿ ಎಷ್ಟು ಕಾಲ ಎಂಬ ಪ್ರಶ್ನೆ ಮನಸ್ಸಿನಲ್ಲಿ ಇರುವುದಿಲ್ಲ. ಮರುದಿನ ಆ ಜಾಗ ಮತ್ತೆ ತಪ್ಪಿಸಿಕೊಂಡಿರುತ್ತದೆ, ಮತ್ತೆ ಹುಡುಕಬೇಕು.

ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ ಅಭ್ಯಾಸ ನೆಲೆಗೊಳ್ಳಲು ಏನು ಬೇಕೆಂದು ಹೇಳುತ್ತಾನೆ: ದೀರ್ಘಕಾಲ ಮಾಡಬೇಕು, ನಡುವೆ ಬಿಡಬಾರದು, ಆದರದಿಂದ ಮಾಡಬೇಕು. ಎಷ್ಟು ದೀರ್ಘ ಎಂದು ಅವನೂ ಹೇಳಲಿಲ್ಲ. ಮೊದಲ ಎರಡನ್ನು ಹಟದಿಂದ ಸಾಧಿಸಬಹುದು. ನನ್ನ ಮಟ್ಟಿಗೆ ಮೂರನೆಯದೇ ತಿರುಳು. ಒಬ್ಬನೇ ಕಲಿಯುವವನಿಗೆ ಗೌರವ ಸಲ್ಲಿಸಲು ಎದುರಿಗೆ ಗುರು ಕೂತಿಲ್ಲ. ಹಾಗಾಗಿ ಆ ಆದರವನ್ನು ಅವನು ಸ್ವರಕ್ಕೆ, ಅದನ್ನು ತನಗಿಂತ ಮೊದಲು ಹಾಡಿ ಬಡವರಾಗಿಯೇ ಸತ್ತವರಿಗೆ ಸಲ್ಲಿಸಬೇಕಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಆಗಲೇ ಗಾಯಕರೆಂದು ಹೆಸರಾಗಿದ್ದಾಗ ಮಂಜಿಖಾನರ ಎದುರು, ಅವರು ತೀರಿಕೊಂಡ ಮೇಲೆ ಬುರ್ಜಿಖಾನರ ಎದುರು, ಶಿಷ್ಯರಾಗಿ ಮತ್ತೆ ಕೂತರು. ಅದನ್ನು ನೆನೆದಾಗಲೆಲ್ಲ, ಹೊತ್ತಾಯಿತು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಆ ಇಬ್ಬರು ಖಾನರ ತಂದೆ ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್. ಅವರು ಹಾಡಿದ ಭೈರವಿ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿಟ್ಟ ಚಿನ್ನದ ತಟ್ಟೆಯಲ್ಲಿದೆ. ಅದೇ ತಟ್ಟೆಯಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಡಲ್ಲಾಸಿನಲ್ಲಿ ಮುದ್ರಿಸಿದ ಗೆತ್ಸೆಮನೆಯ ಹಾಡೂ ಇದೆ. 18ನೇ ಶತಮಾನದ ಇಂಗ್ಲಿಷ್ ಕ್ರೈಸ್ತ ಗೀತೆಯೊಂದು ಅದರ ಮೂಲ, ಆದರೆ ವಿಲ್ಲಿ ಒಂದು ಶಬ್ದವನ್ನೂ ಹಾಡುವುದಿಲ್ಲ. ತಂತಿಯ ಮೇಲೆ ಜಾರುತ್ತ, ಅದರ ಜೊತೆ ಗುನುಗುತ್ತ, ನರಳುತ್ತ ಮೂರು ನಿಮಿಷ ನಡೆಯುತ್ತಾನೆ. ಅವನು ಜೀವನವಿಡೀ ಹಾಡಿದ್ದು ದೇವರ ಹಾಡುಗಳನ್ನೇ. ಕೈಯಲ್ಲಿದ್ದದ್ದು ಬ್ಲೂಸಿನ ಗಿಟಾರು.

ಬರುವ ಶುಭ ಶುಕ್ರವಾರದ ಆರಾಧನೆಯಲ್ಲಿ ವಿಲ್ಲಿಯ ಆ ಹಾಡನ್ನು ನುಡಿಸಲು ನಮ್ಮ ಸಭಾ ಸಮಿತಿಯ ಅನುಮತಿ ಕೇಳಿದ್ದೇನೆ. ಇಬ್ಬರು ಹಿರಿಯರು ಒಪ್ಪಿಲ್ಲ. ಹೊರಗಿನ ಸಂಗೀತ ಒಳಗೆ ಬರಬಾರದು ಎಂಬುದು ಒಬ್ಬರ ಮಾತು. ಬಾಸೆಲ್ ಮಿಷನ್ನಿನ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ'ಯಾಗಿ ಈ ನೆಲದ ಛಂದಸ್ಸಿಗೆ ತಂದರಲ್ಲ, ಅಂದು ಆ ಛಂದಸ್ಸು ಚರ್ಚಿಗೆ ಹೊರಗಿನದೇ ಆಗಿತ್ತು ಎಂದು ಅವರಿಗೆ ಬರೆದಿದ್ದೇನೆ. ಮಾತಿಲ್ಲದ ನರಳಾಟ ಆರಾಧನೆ ಹೇಗಾದೀತು ಎಂಬುದು ಇನ್ನೊಬ್ಬರ ಶಂಕೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೇ ಅಧ್ಯಾಯದಲ್ಲಿ, ಪ್ರಾರ್ಥಿಸಲು ನಮಗೆ ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ಪೌಲನು ಬರೆದದ್ದನ್ನು ತೋರಿಸಿದ್ದೇನೆ. ಗೆತ್ಸೆಮನೆಯಲ್ಲಿ ಯೇಸು ಮೂರು ಸಲ ಹೋಗಿ ಅದೇ ಮಾತುಗಳನ್ನೇ ಪ್ರಾರ್ಥಿಸಿದನೆಂಬುದನ್ನೂ. ಸಮಿತಿ ಮುಂದಿನ ತಿಂಗಳು ಕೂಡುತ್ತದೆ. ಅಲ್ಲಿಗೆ ಬೈಬಲ್ಲಿನ ಜೊತೆ ಗಿಟಾರನ್ನೂ ತಂತಿಯ ಮೇಲೆ ಜಾರಿಸುವ ಗಾಜಿನ ಸ್ಲೈಡನ್ನೂ ಒಯ್ಯುವವನಿದ್ದೇನೆ. ವಾದ ಮುಗಿದ ಮೇಲೆ, ತೀರ್ಮಾನಕ್ಕೆ ಮೊದಲು, ಒಮ್ಮೆ ಕೇಳಿರೆಂದು ಬೇಡಿಕೊಳ್ಳುತ್ತೇನೆ.